ಮಸಾಲೆ ಡಬ್ಬಿಯ ನಾಲ್ಕು ಕಾಲಾಣೆ

ತಪ್ಪು ನನ್ನದೇ, ಮೊದಲಿಗೇ ಹೇಳಿಬಿಡುತ್ತೇನೆ. ಸುರಪುರದ ನಮ್ಮ ಓಣಿಯಲ್ಲಿರುವ ಮದುವೆ ಅಡುಗೆಯ ಮುದುಕ ಬಾವರ್ಚಿಯೊಬ್ಬರ ದನಿ ಅಣಕಿಸಿ, ಅವರ ಹೆಂಡತಿಯನ್ನೇ ನಂಬಿಸಿ, ಅವರ ಮಸಾಲೆ ಡಬ್ಬಿಯಲ್ಲಿದ್ದ ನಾಲ್ಕು ತಾಮ್ರದ ಕಾಲಾಣೆಗಳನ್ನು ಎತ್ತಿಕೊಂಡು ಬಂದವನು ನಾನು. ಕದ್ದೆ ಅನ್ನುವಂತಿಲ್ಲ, ಬದಲಿಗೆ ಬೇರೆ ನಾಲ್ಕು ಕಾಲಾಣೆ ಇಟ್ಟು ಬಂದಿದ್ದೆ. ಕದಿಯಲಿಲ್ಲ ಅನ್ನುವಂತೆಯೂ ಇಲ್ಲ. ಈ ಎರಡು ಮಾತುಗಳ ನಡುವೆ ಓಡಾಡಿ ಓಡಾಡಿ ಕೊನೆಗೆ ನನಗೆ ಸಾಕಾಗಿಹೋಯಿತು.

ಇಂಗ್ಲಿಷರ ಕಾಲದ ಚಿಲ್ಲರೆ ಕೂಡಿಸುವುದು ನನ್ನ ಹುಚ್ಚು. ಬೆಳ್ಳಿ ರೂಪಾಯಿ ಕೂಡಿಸುವವರು ದೊಡ್ಡ ಮಂದಿ. ನನ್ನ ಯೋಗ್ಯತೆಗೆ ತಕ್ಕದ್ದು ಪೈ, ಅರ್ಧ ಪೈಸೆ, ಕಾಲಾಣೆ, ನಡುವೆ ತೂತು ಬಿದ್ದ ಪೈಸೆ. ನಮ್ಮದು ನಿಜಾಮರ ಸೀಮೆಯಾಗಿತ್ತಲ್ಲ, ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ಸ್ವಂತ ನಾಣ್ಯ. ಇಂಗ್ಲಿಷರದ್ದು ಕೃಷ್ಣೆಯ ಆಚೆ ದಡದಿಂದ ಸಂತೆಗೆ ಬಂದವರ ಉಡಿಯಲ್ಲಿ ಕೂತು ಹೊಳೆ ದಾಟಿದ್ದು. ಹಿರಿಯರು ಈಗಲೂ ಅದಕ್ಕೆ ‘ಕಲ್ದಾರ’ ಅನ್ನುತ್ತಾರೆ. ಹಾಗಾಗಿ ಸಿಗುವುದು ಕಡಿಮೆ, ಸಿಕ್ಕಿದ್ದೂ ಸವೆದದ್ದು.

ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ನನಗೆ. ರಜೆ ಸಿಕ್ಕ ದಿನ ಯಾದಗಿರಿಯ ಗುಜರಿ ಅಂಗಡಿಗಳಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಡೆದ ಕೊಡ, ಸುಟ್ಟ ಮೋಟರಿನ ತಂತಿಗಳ ರಾಶಿ ಕೆದಕುತ್ತೇನೆ. ಬಿಸಿಲಿಗೆ ತಾಮ್ರ ಎಷ್ಟು ಕಾದಿರುತ್ತದೆಂದರೆ ಎತ್ತಿ ನೋಡುವ ಮೊದಲು ಊದಬೇಕು. ಮುಂಚೆ ಹಳ್ಳಿಗಳಿಗೂ ಹೋಗುತ್ತಿದ್ದೆ. ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ವಿಡಿಯೋಗಳು ಬಂದ ಮೇಲೆ ಆ ದಾರಿಯೂ ಮುಚ್ಚಿತು. ಶಿರವಾಳದಲ್ಲಿ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ನುಣ್ಣಗಾದ ಒಂದು ಪೈಸೆ ತೋರಿಸಿದಳು.

“ಅಜ್ಜಿ, ಇದು ಪೂರಾ ಸವದದ. ಮುಖಾನೇ ಇಲ್ಲ.”

“ನನ್ನ ಮುಖ ಏನ್ ಉಳದದ? ನನ್ನ ಮಮ್ಮಗ ಮೊಬೈಲ್‌ನ್ಯಾಗ ನೋಡ್ಯಾನ. ಐದು ಲಕ್ಷ ಅಂತ.”

“ನನ್ನ ಹಂತ್ಯಾಕ ಐದು ಲಕ್ಷ ಇದ್ರ ಬಸ್ಸಿನಾಗ ಒಂಟಿಗಾಲಿಲೆ ನಿಂತ್ಕೊಂಡು ಬರ್ತಿದ್ನೇನಬೇ?”

“ಹಂಗಾರ ಮತ್ತ ಒಂಟಿಗಾಲಿಲೆ ಹೋಗು,” ಅಂದು ಗಂಟು ಕಟ್ಟಿಕೊಂಡಳು. ಹಾಗೆಯೇ ಬಂದೆ, ಭೀಮರಾಯನಗುಡಿಯ ತನಕ ಸೀಟು ಸಿಗಲಿಲ್ಲ.

ನನ್ನ ಇನ್ನೊಂದು ಹುಚ್ಚು ಮಂದಿಯ ದನಿ ತೆಗೆಯುವುದು. ಬಸ್ಸಿನ ಕಂಡಕ್ಟರ್, ಕಾಲುವೆ ಆಫೀಸಿನ ಸಾಹೇಬರು, ನಮ್ಮ ಅಂಗಡಿ ಮಾಲೀಕ. ಅವನದು ಗಿರಾಕಿಯ ಮುಂದೆ ಒಂದು ದನಿ, ನನ್ನ ಮುಂದೆ ಇನ್ನೊಂದು. ಓಣಿಯಲ್ಲಿ ನನ್ನನ್ನು ‘ನಕಲಿ’ ಅಂತಲೇ ಕರೆಯುತ್ತಾರೆ. ನನ್ನನ್ನು ನಾನೇ ಅಣಕಿಸಿ ತೋರಿಸಿದರೆ ಮಾತ್ರ ಯಾರೂ ನಗುವುದಿಲ್ಲ. ಯಾರಿದು ಅಂತ ಕೇಳುತ್ತಾರೆ.

ಆ ಬಾವರ್ಚಿಯನ್ನು ನಾವು ಚಾಚಾ ಅನ್ನುತ್ತೇವೆ, ಅವರ ಹೆಂಡತಿಯನ್ನು ಚಾಚಿ. ಮನೆಯಲ್ಲಿ ಅವರದು ದಖ್ಖನಿ, ನಮ್ಮ ಹತ್ತಿರ ಕನ್ನಡ. ಶಹಾಪುರ, ಯಾದಗಿರಿ, ಸುತ್ತಲ ಹಳ್ಳಿ ಎಲ್ಲೇ ಮುಸಲ್ಮಾನರ ಮದುವೆಯಾದರೂ ಬಿರಿಯಾನಿಯ ದೇಗು ಇಡಲು ಚಾಚಾನೇ ಬೇಕು. ದೇಗು ಅಂದರೆ ಒಬ್ಬ ಮನುಷ್ಯ ಒಳಗೆ ಕೂರಬಹುದಾದಷ್ಟು ದೊಡ್ಡ ಹಂಡೆ. ಅದರ ಬಾಯಿಗೆ ಹಿಟ್ಟು ಮೆತ್ತಿ, ಮೇಲೆ ಕೆಂಡ ಹಾಕಿ ದಮ್ ಕಟ್ಟಿದ ಮೇಲೆ ಮುಚ್ಚಳ ತೆಗೆಯುವ ಗಳಿಗೆಯೊಂದಿದೆ. ಚಾಚಾ ಬಾಗಿ, ಹಬೆಗೆ ಮುಖ ಒಡ್ಡಿ, ಒಂದೇ ಒಂದು ಸಲ ಉಸಿರೆಳೆದು “ಹ್ಞಾಂ” ಅನ್ನುತ್ತಾರೆ. ಆಮೇಲೆಯೇ ತಟ್ಟೆಗಳು ಹೊರಡುವುದು. ವರನ ಅಪ್ಪ ಬಂದು ಅವಸರ ಮಾಡಿದರೂ ಆ “ಹ್ಞಾಂ” ಬರುವವರೆಗೆ ಯಾರೂ ಸೌಟು ಮುಟ್ಟುವುದಿಲ್ಲ.

ಅವರ ಮಸಾಲೆ ಡಬ್ಬಿಯ ಮೂಲೆಯಲ್ಲಿ ನಾಲ್ಕು ಕಾಲಾಣೆಗಳಿದ್ದವು. ರಾಣಿಯ ಮುಖದವು, ದಪ್ಪನೆಯವು, ಎಣ್ಣೆ ಕುಡಿದು ಕಪ್ಪಾದವು. ಅದರಲ್ಲೊಂದರ ಇಸವಿ ನನ್ನ ಆಲ್ಬಮ್ಮಿನಲ್ಲಿ ಖಾಲಿ ಉಳಿದಿದ್ದ ಕಿಂಡಿಯದು. ಯಾವುದೋ ಹಬ್ಬಕ್ಕೆ ಶೀರಕುರ್ಮಾ ಕುಡಿಯಲು ಹೋದಾಗ ನೋಡಿ, ಆ ಹೊತ್ತಿನಿಂದ ನನಗೆ ಅದೇ ಧ್ಯಾನ.

“ಚಾಚಾ, ಡಬ್ಬ್ಯಾಗಿನ ಆ ದುಡ್ಡು ನನಗ ಕೊಡ್ರಿ. ಬದಲಿ ನಾಲ್ಕು ಕಲ್ದಾರ ತಂದು ಕೊಡ್ತೀನಿ.”

“ಉಸ್ತಾದ್ ಕೊಟ್ಟದ್ದದು. ಕೈ ಹಚ್ಚಬ್ಯಾಡ.”

ಉಸ್ತಾದ್ ಅಂದರೆ ಅವರಿಗೆ ಅಡುಗೆ ಕಲಿಸಿದ ಗುರು, ಯಾವತ್ತೋ ತೀರಿಹೋದವರು. ಅದಕ್ಕಿಂತ ಹೆಚ್ಚು ಚಾಚಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಅವ್ವ ಅಕ್ಕಿ ಡಬ್ಬಿಯಲ್ಲಿ ಒಂದು ನಾಣ್ಯ ಹಾಕಿಡುತ್ತಾಳೆ, ಡಬ್ಬಿ ಬರಿದಾಗದಿರಲಿ ಅಂತ. ಇದೂ ಅಂಥದ್ದೇ, ಬರಕತ್ತಿಗೆ ಇಟ್ಟದ್ದು ಅಂದುಕೊಂಡೆ. ಬರಕತ್ತಿಗೆ ರಾಣಿಯಾದರೇನು, ರಾಜನಾದರೇನು? ನನ್ನಲ್ಲಿ ರಾಜನ ಮುಖದ ಕಾಲಾಣೆಗಳು ಬೇಕಾದಷ್ಟು ಬಿದ್ದಿದ್ದವು. ಒಂದನ್ನೇ ಬದಲಿಸಿದರೆ ಎದ್ದು ಕಾಣುತ್ತದೆಂದು ನಾಲ್ಕನ್ನು ಆರಿಸಿ, ಎಣ್ಣೆಯಲ್ಲಿ ಮಸಿ ಕಲೆಸಿ ಉಜ್ಜಿ, ಕಪ್ಪಾಗಿಸಿ ಇಟ್ಟುಕೊಂಡೆ. ಆ ತಯಾರಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿರಲಿಲ್ಲ.

ಒಂದು ಮಧ್ಯಾಹ್ನ ಚಾಚಾ ನಮಾಜಿಗೆ ಹೊರಟದ್ದನ್ನು ನೋಡಿ, ಅವರು ಮೂಲೆ ತಿರುಗುವವರೆಗೆ ಕಾದು, ಮನೆಯ ಪಕ್ಕದ ಸಂದಿಯಲ್ಲಿ ನಿಂತೆ. ಬಾಗಿಲಿಗೆ ಗೋಣಿತಟ್ಟಿನ ಪರದೆ. ಗಂಟಲಲ್ಲಿ ಚಾಚಾನ ಕಫ ತಂದುಕೊಂಡು ಕೂಗಿದೆ: “ಹ್ಞಾಂ… ಅಜೀ, ಡಬ್ಬೇ ಮೆಂಕೇ ಪೈಸೇ ಜರಾ ಉಸ್ ಛೋಕ್ರೇ ಕೂ ದೇವ್. ಉನೇ ದೂಸ್ರೇ ದೇತಾ.” ಡಬ್ಬಿಯ ಪೈಸೆ ಸ್ವಲ್ಪ ಆ ಹುಡುಗನಿಗೆ ಕೊಡು, ಅವನು ಬೇರೆ ಕೊಡುತ್ತಾನೆ ಅಂತ. ಒಳಗಿಂದ “ಅಚ್ಛಾ” ಬಂತು. ಎರಡು ನಿಮಿಷ ಬಿಟ್ಟು, ನನ್ನ ದನಿಯಲ್ಲಿ ಕೆಮ್ಮುತ್ತಾ, ಪರದೆ ಸರಿಸಿ ಒಳಗೆ ಹೋದೆ.

“ಬಾ ಬೇಟಾ, ಈಗರೆ ಹೇಳಿ ಹೋದ್ರು,” ಅಂದರು ಚಾಚಿ. “ನನ್ನ ಕೈ ಹಿಟ್ಟಾಗ್ಯಾವ. ನೀನೇ ತಗೊಂಡು ನೀನೇ ಇಡು.”

ನಾನೇ ತೆಗೆದುಕೊಂಡೆ, ನಾನೇ ಇಟ್ಟೆ. ಆ ವಾರ ಇಬ್ಬರು ಗೆಳೆಯರ ಮುಂದೆ ಈ ನಾಟಕವನ್ನು ಕಫದ ಸಮೇತ ಮತ್ತೆ ಮಾಡಿ ತೋರಿಸಿದೆ. ಬಹಳ ನಕ್ಕರು.

ಆಮೇಲಿನ ಮೊದಲ ಮದುವೆ ಶಹಾಪುರದಲ್ಲೇ ಆಯಿತು, ನಮ್ಮ ಅಂಗಡಿಯ ಹಿಂದಿನ ಶಾದಿಮಹಲಿನಲ್ಲಿ. ಊಟಕ್ಕೆ ಹೋದೆ. ಚಾಚಾ ಮುಚ್ಚಳ ತೆಗೆಸಿ, ಬಾಗಿ, ಉಸಿರೆಳೆದರು. “ಹ್ಞಾಂ” ಬರಲಿಲ್ಲ. ಇನ್ನೊಮ್ಮೆ ಎಳೆದರು. ಕೊನೆಗೆ ಮಾತಿಲ್ಲದೆ ಕೈ ಬೀಸಿ, ಬಡಿಸಿ ಅಂದರು. ಅನ್ನ ಉದುರುದುರಾಗಿತ್ತು, ಮಾಂಸ ಮೆತ್ತಗಿತ್ತು, ಉಪ್ಪು ಖಾರ ಸರಿಯಿತ್ತು. ಆದರೆ ತಟ್ಟೆ ಬರುವ ಮೊದಲೇ ವಾಸನೆ ಬಂದು ಎದುರು ಕೂರುತ್ತಿತ್ತಲ್ಲ, ಆ ದಿನ ಕೂರಲಿಲ್ಲ. ನನಗೇ ನೆಗಡಿಯಾಗಿರಬೇಕು ಅಂದುಕೊಂಡು ಎರಡನೇ ಸಲ ಹಾಕಿಸಿಕೊಂಡೆ.

ಎರಡನೆಯದು ಯಾದಗಿರಿಯಲ್ಲಿ. ಅಲ್ಲಿಗೆ ನಾನು ಹೋಗಿರಲಿಲ್ಲ, ಚಾಚಿ ಹೇಳಿದ್ದು. ಊಟ ಮಾಡಿ ಕೈ ತೊಳೆಯುತ್ತಿದ್ದ ಹಿರಿಯರೊಬ್ಬರು ಚಾಚಾನನ್ನು ನೋಡಿ, “ಏನ್ ಮಿಯಾ, ಈ ಸಲ ಮಸಾಲಿ ಮನ್ಯಾಗೇ ಬಿಟ್ಟು ಬಂದಿಯೇನು?” ಅಂದರಂತೆ. ಚೇಷ್ಟೆಗೆ ಅಂದದ್ದು, ಚಾಚಾ ಮನಸ್ಸಿಗೆ ಹಚ್ಚಿಕೊಂಡರು.

ಚಳಿಗಾಲದಲ್ಲಿ ಅವರಿಗೆ ಜ್ವರ ಬಂದು ಹೋಗಿತ್ತು. “ಜ್ವರ ನನ್ನ ಮೂಗು ತಿಂದದ,” ಅಂತ ತೀರ್ಮಾನಿಸಿಬಿಟ್ಟರು. ಯಾದಗಿರಿಯ ಡಾಕ್ಟರು ಬ್ಯಾಟ್ರಿ ಬಿಟ್ಟು ನೋಡಿ, ಮೂಗು ಚೆನ್ನಾಗಿದೆ ಎಂದು ಹೇಳಿ ಹನಿ ಹಾಕಿಕೊಳ್ಳಲು ಕೊಟ್ಟರು. ಚಾಚಾ ಹನಿ ಹಾಕಿಕೊಂಡು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು, ಚಾಚಿಯಿಂದ ಮೂಗಿನ ಕೆಳಗೆ ಒಂದೊಂದೇ ಹಿಡಿಸಿಕೊಳ್ಳುತ್ತಿದ್ದರು. ಲವಂಗ ಅಂದರೆ ಲವಂಗ, ಯಾಲಕ್ಕಿ ಅಂದರೆ ಯಾಲಕ್ಕಿ. ಒಂದೂ ತಪ್ಪಲಿಲ್ಲ.

“ಎಲ್ಲಾ ಬರೋಬ್ಬರಿ ಹೇಳಾಕತ್ತೀರಲ್ಲ ಚಾಚಾ,” ಅಂದೆ ನಾನು, ದಾರಿಯಲ್ಲಿ ಹೋಗುತ್ತಿದ್ದವನು.

“ಹೆಸರು ಹೇಳೂದು ಯಾವ ಕತ್ತೆಗಾದ್ರೂ ಬರ್ತದ. ದೇಗಿನ್ಯಾಗ ಎಷ್ಟದ ಅಂತ ಹೇಳೂದು ಮೂಗು. ಅದು ಹೋಗ್ಯಾದ.”

ಅವರು ಹೀಗೆ ಸೊರಗಿದ್ದಕ್ಕೆ ನನಗೆ ಬೇಸರವಾಗಿತ್ತು. ಆದರೆ ಅದು ಊರ ಮುದುಕರ ಬಗ್ಗೆ ಆಗುವಂಥ ಬೇಸರ, ನನ್ನ ಪಾಲು ಅದರಲ್ಲಿದೆ ಅನ್ನುವುದು ಗೊತ್ತಿರಲಿಲ್ಲ. ಗೊತ್ತಾದದ್ದು ಮೂರನೆಯದಾದ ದೇವಾಪುರದ ಮದುವೆಯ ಹಿಂದಿನ ದಿನ.

ಚಾಚಾ ಬಾಗಿಲಲ್ಲಿ ನಿಂತು ಕರೆದರು. “ಏ ನಕಲಿ, ಬಾ ಇಲ್ಲಿ. ಒಳಗ ಕತ್ತಲದ, ನಿನ್ನ ಮೊಬೈಲಿನ ಬ್ಯಾಟ್ರಿ ಹಿಡಿ. ಕಣ್ಣಿಗಿ ಪೊರಿ ಬಂದದ ನನಗ.” ಒಳಕೋಣೆಯಲ್ಲಿ ಮಸಾಲೆ ಕಟ್ಟುವಾಗ ಹೊರಗಿನವರನ್ನು ಅವರು ಎಂದೂ ಕರೆದವರಲ್ಲ. ಹಿಗ್ಗಿ ಹೋದೆ. ಚಾಚಾ ಕಾಲು ಮಡಚಿ ಕೂತು, ಅಂಗೈಯಷ್ಟಗಲದ ಎರಡು ಹಿತ್ತಾಳೆ ತಟ್ಟೆಗಳ ಸಣ್ಣ ತಕ್ಕಡಿ ತೆಗೆದರು. ಡಬ್ಬಿಯ ಮೂಲೆಯಿಂದ ನಾಲ್ಕು ಕಾಲಾಣೆ ಎತ್ತಿ ಒಂದು ತಟ್ಟೆಗೆ ಹಾಕಿದರು. ಇನ್ನೊಂದಕ್ಕೆ ಶಾಹಿಜೀರಿಗೆ ಸುರಿಯುತ್ತಾ ಬಂದರು.

“ಒಂದು ದೇಗಿಗಿ ನಾಲ್ಕು ದುಡ್ಡಿನ ತೂಕದ್ದು ಶಾಹಿಜೀರಾ. ಲವಂಗ ಒಂದು ಸಲ, ಯಾಲಕ್ಕಿ ಎರಡು ಸಲ. ಗ್ರಾಮು ಗೀಮು ಅಂಗಡ್ಯಾವರಿಗಿ. ನಮ್ಮ ಉಸ್ತಾದ್ ಇದ ತೂಕ ಹಾಕಿ ಕೊಟ್ಟಾರ… ಬ್ಯಾಟ್ರಿ ನೆಟ್ಟಗ ಹಿಡಿ. ಎತ್ತ ನೋಡಾಕತ್ತಿ?”

ನಾನು ತಟ್ಟೆಯಲ್ಲಿ ಕೂತ ನಾಲ್ಕು ರಾಜರನ್ನು ನೋಡುತ್ತಿದ್ದೆ. ನಾಣ್ಯ ಕೂಡಿಸುವ ಯಾವನಿಗಾದರೂ ಗೊತ್ತಿರುವ ಸಂಗತಿ ಇದು: ರಾಣಿಯ ಕಾಲದ ಕಾಲಾಣೆ ದಪ್ಪ. ಮುಂದೆ ರಾಜರ ಕಾಲದಲ್ಲಿ ಅಗಲ ಹಾಗೇ ಬಿಟ್ಟು ಲೋಹ ಇಳಿಸಿದರು. ಎರಡರ ಮೇಲೂ ಬರೆದಿರುವುದು ಕಾಲಾಣೆ ಅಂತಲೇ. ಆದರೆ ತೂಕಕ್ಕಿಟ್ಟರೆ ನಾಲ್ಕು ರಾಜರು ಮೂರು ರಾಣಿಯರಿಗೆ ಸಮ. ನನ್ನ ನೋಟುಪುಸ್ತಕದಲ್ಲಿ ನಾನೇ ಬರೆದಿಟ್ಟುಕೊಂಡಿದ್ದೆ. ನನಗೆ ನಾಣ್ಯದ ತೂಕ ಗೊತ್ತಿತ್ತು, ಅದು ತೂಕದ ಕಲ್ಲು ಅನ್ನುವುದು ಗೊತ್ತಿರಲಿಲ್ಲ. ಡಬ್ಬಿಯಲ್ಲಿರುವುದು ಬೇರೆ ಕಲ್ದಾರ ಅನ್ನುವುದೇ ಚಾಚಾನಿಗೆ ಗೊತ್ತಿರಲಿಲ್ಲ. ಮೂರು ತಿಂಗಳಿಂದ ಪ್ರತಿ ದೇಗಿಗೂ ಮುಕ್ಕಾಲು ಪಾಲು ಮಸಾಲೆ ಹೋಗುತ್ತಿತ್ತು. ಬಿಸಿ ಮುಚ್ಚಳ ಹಿಡಿದು ಹಿಡಿದು ಅವರ ಬೆರಳುಗಳು ಜಡ್ಡುಗಟ್ಟಿವೆ, ದಪ್ಪ ತೆಳುವು ತಿಳಿಯಲಿಲ್ಲ. ರಾಶಿ ಚಿಕ್ಕದಾಗಿ ಕಂಡಿದ್ದರೆ ಅದನ್ನೂ ಕಣ್ಣಿನ ಪೊರೆಯ ಮೇಲೆ ಹಾಕಿಕೊಂಡಿರುತ್ತಾರೆ.

ಆ ಹೊತ್ತಿಗೇ ಹೇಳಬೇಕಿತ್ತು. ಎಲ್ಲರ ದನಿಯೂ ಬರುವ ಗಂಟಲಿನಿಂದ ಒಂದು ಮಾತು ಬರಲಿಲ್ಲ. ಮಸಾಲೆ ಗಂಟಿಗೆ ಬಿದ್ದದ್ದನ್ನು ನೋಡುತ್ತಾ ಬ್ಯಾಟ್ರಿ ಹಿಡಿದೇ ನಿಂತೆ. ಮರುದಿನ ಕೆಲಸ ಬಿಟ್ಟು, ಸೌಟು ಮುಚ್ಚಳ ಹೊತ್ತ ಟಂಟಂ ಆಟೋದಲ್ಲಿ ಅವರ ಜೊತೆಗೇ ದೇವಾಪುರಕ್ಕೆ ಹೋದೆ. ಯಾಕೆ ಹೋದೆ ಅಂತ ಇವತ್ತಿಗೂ ತಿಳಿಯದು. ದಾರಿಯಲ್ಲಾದರೂ ಹೇಳಿಯೇನು ಅಂದುಕೊಂಡಿರಬೇಕು. ದಾರಿ ಮುಗಿಯಿತು.

ಮುಚ್ಚಳ ತೆಗೆದಾಗ ಚಾಚಾ ಮೂರು ಸಲ ಉಸಿರೆಳೆದರು. ಆಮೇಲೆ ಮಗುಚಿ ಹಾಕಿದ್ದ ಬುಟ್ಟಿಯ ಮೇಲೆ ಕೂತು ನನ್ನನ್ನು ಹತ್ತಿರ ಕರೆದರು.

“ಖರೇ ಹೇಳು. ನಿನಗ ವಾಸನಿ ಬರ್ತದೇನು?”

ಸಮಾಧಾನ ಮಾಡಲು ಹೋದೆ. “ಬರ್ತದ ಚಾಚಾ. ಭಾಳ ಚೊಲೋ ಬರಾಕತ್ತದ.”

ಅವರು ತಲೆದೂಗಿದರು. ಆ ಸುಳ್ಳು ಹೇಳಿ ಮುಗಿಸಿದ ಮೇಲೆ ನನಗೆ ಅರ್ಥವಾಯಿತು. ಮಂದಿಗೆ ಬರುತ್ತದೆ, ತನಗೆ ಬರುವುದಿಲ್ಲ ಎಂದು ಅವರು ಈಗ ಖಾತ್ರಿ ಮಾಡಿಕೊಂಡಿದ್ದರು. ಇದ್ದ ಒಂದು ಅನುಮಾನವನ್ನೂ ನಾನೇ ತೆಗೆದೆ. ವಾಪಸ್ ಬರುವಾಗ ಟಂಟಂನ ಸದ್ದಿನಲ್ಲಿ ಒಂದೇ ಮಾತು ಹೇಳಿದರು: “ಸಾಕು.” ಸುರಪುರ ಮುಟ್ಟಿದ ಮೇಲೆ ಮಸಾಲೆ ಡಬ್ಬಿಯನ್ನೂ ತಕ್ಕಡಿಯನ್ನೂ ಒಂದು ವಸ್ತ್ರದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಿಸಿದರು.

ರಾಣಿಯರನ್ನು ಆಲ್ಬಮ್ಮಿನಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಎಂಟು ದಿನ ತಿರುಗಿದೆ. ಸದ್ದಿಲ್ಲದೆ ಬದಲಿಸಿಬಿಡೋಣ ಅಂದರೆ ಡಬ್ಬಿ ಅಟ್ಟದ ಮೇಲೆ. ಬದಲಿಸಿದರೂ ಪ್ರಯೋಜನವಿಲ್ಲ, ಡಬ್ಬಿ ತೆಗೆಯುವ ಮನಸ್ಸೇ ಅವರಿಗಿಲ್ಲ. ಕೆಲಸದಲ್ಲಿ ಒಬ್ಬರ ಮೊಬೈಲಿನ ಪರದೆ ಒಡೆದೆ. ಮಾಲೀಕ ಬೈದ. ಅವನ ಬೈಗುಳವನ್ನು ಅಣಕಿಸುವಷ್ಟೂ ಉಮೇದು ಉಳಿದಿರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಚಾಚಾನ ಕಟ್ಟೆಯ ಮೇಲೆ ಕೂತಿದ್ದೆ, ಹೇಳುತ್ತೇನೆ ಅಂತಲೇ. ಅಷ್ಟರಲ್ಲಿ ಶಹಾಪುರದಿಂದ ಮೋಟಾರ್ ಸೈಕಲ್ಲಿನಲ್ಲಿ ಒಬ್ಬರು ಬಂದರು. ಮಗಳ ಮದುವೆ, ಬರುವ ಭಾನುವಾರ. ದೇಗಿನ ಮಾತು ಮುಂಚೆಯೇ ಆಗಿತ್ತು, ಮತ್ತೊಮ್ಮೆ ನೆನಪಿಸಿ ಹೋಗಲು ಬಂದಿದ್ದರು.

“ಬ್ಯಾರೆ ಬಾವರ್ಚಿ ನೋಡ್ಕೊಳ್ರಿ,” ಅಂದರು ಚಾಚಾ.

“ಹಿಂಗಂದ್ರ ಹ್ಯಾಂಗ್ರಿ ಚಾಚಾ? ನನ್ನ ಮದುವಿಗಿ ದೇಗು ಇಟ್ಟವರು ನೀವು. ಈಗ ಐದು ದಿನದಾಗ ನಾ ಯಾರನ್ನ ಹುಡುಕ್ಲಿ?”

“ನಿಮ್ಮ ಮದುವ್ಯಾಗ ನನಗ ಮೂಗಿತ್ತು. ಈಗ ಇಲ್ಲ. ಮೂಗಿಲ್ಲದವ ದೇಗಿನ ಮುಂದ ನಿಂತು ಏನ್ ಮಾಡ್ತಾನ, ಒಲಿ ಊದ್ತಾನೇನು?”

ಆ ಮನುಷ್ಯ ಬೇಡಿಕೊಳ್ಳಲು ಬಾಯಿ ತೆರೆದರು, ಚಾಚಾನ ಮುಖ ನೋಡಿ ಗಾಡಿ ತಿರುಗಿಸಿದರು. ಚಾಚಾ ಧೂಳು ಇಳಿಯುವವರೆಗೂ ಆ ಕಡೆಯೇ ನೋಡಿದರು. ಇಷ್ಟು ದಿನ ಅವರು ಸೋತಂತೆ ಕಾಣುತ್ತಿದ್ದರು, ಅಂದು ಮುದುಕರಂತೆ ಕಂಡರು.

ಜೇಬಿಗೆ ಕೈ ಹಾಕಿ ನಾಲ್ಕು ರಾಣಿಯರನ್ನು ಅವರ ಮೊಣಕಾಲ ಪಕ್ಕ ಇಟ್ಟೆ. ಎಲ್ಲವನ್ನೂ ಹೇಳಿದೆ. ಸಂದಿಯಲ್ಲಿ ನಿಂತದ್ದು, ಕಫ, ಮಸಿ ಹಚ್ಚಿದ್ದು, ಬ್ಯಾಟ್ರಿ ಹಿಡಿದು ಸುಮ್ಮನಿದ್ದದ್ದು, ದೇವಾಪುರದ ಸುಳ್ಳು. ಚಾಚಾ ಬೈಯಲಿಲ್ಲ. ಅರ್ಥವಾಗದವರಂತೆ ನಾಣ್ಯ ನೋಡುತ್ತಿದ್ದರು. ಒಳಗಿಂದ ಕೇಳಿಸಿಕೊಂಡ ಚಾಚಿಯೇ ಮೊದಲು ಬಾಯಿ ಬಿಟ್ಟಿದ್ದು.

“ಅವತ್ತೇ ಅನಮಾನ ಬಂದಿತ್ತು ನನಗ, ಕೇಳಿದ್ರ ಬೈತಾನಂತ ಬಿಟ್ಟೆ. ಈ ಮನಷ್ಯಾ ‘ಜರಾ’ ಅಂತ ಮೆತ್ತಗ ಯಾವಾಗ ಅಂದಾನ? ಮದುವ್ಯಾದಾಗಿಂದ ಒಂದಿನ ಅಂದಿಲ್ಲ!”

“ನೀ ಸುಮ್ಮಿರು,” ಅಂದರು ಚಾಚಾ. “ಡಬ್ಬಿ ಇಳಸು.”

ಅಟ್ಟ ಹತ್ತಿ ನಾನೇ ಇಳಿಸಿದೆ. ಗಂಟು ಬಿಚ್ಚಿ, ತಕ್ಕಡಿ ಹಿಡಿದು, ಒಂದು ತಟ್ಟೆಗೆ ನಾಲ್ಕು ರಾಜರನ್ನು ಹಾಕಿ, ಇನ್ನೊಂದಕ್ಕೆ ರಾಣಿಯರನ್ನು ಒಂದೊಂದಾಗಿ ಬಿಡಲು ಚಾಚಾನಿಗೆ ಹೇಳಿದೆ. ಒಂದು. ಎರಡು. ಮೂರನೆಯದನ್ನು ಬಿಟ್ಟಾಗ ತಟ್ಟೆಗಳು ಒಂದಕ್ಕೊಂದು ಸಮನಾಗಿ ನಿಂತುಬಿಟ್ಟವು. ನಾಲ್ಕನೇ ರಾಣಿ ಅವರ ಬೆರಳಲ್ಲೇ ಉಳಿದಳು. ಚಾಚಾ ತಟ್ಟೆಗಳನ್ನು ಖಾಲಿ ಮಾಡಿ, ಅದಲುಬದಲು ಮಾಡಿ ಮತ್ತೊಮ್ಮೆ ನೋಡಿದರು. ಹಾಗೇ ನಿಂತವು. ಉಳಿದ ಆ ಒಂದನ್ನು ಮುಖದ ಹತ್ತಿರ ತಂದು ಮೂಸಿದರು. ಅಲ್ಲಿ ಏನು ವಾಸನೆ ಉಳಿದಿತ್ತೋ.

“ಕಮ್ಮಿ ಅದ, ಕಮ್ಮಿ ಅದ ಅಂತ ಇದು ಬಡಕೊಂತು,” ಅಂದರು ತಮ್ಮ ಮೂಗು ಮುಟ್ಟಿ. “ನಾನೇ ಅದರ ಮಾತು ಕೇಳಲಿಲ್ಲ.” ಹಾಗಂದವರು ತಲೆ ಬಗ್ಗಿಸಿಕೊಂಡರು. ಅಳುತ್ತಿದ್ದಾರೋ ಏನೋ ಅಂತ ನಾನು ಅತ್ತ ನೋಡಲಿಲ್ಲ.

ಆಮೇಲೆ ನನ್ನ ಕೈಗೆ ತಮ್ಮ ಫೋನು ಕೊಟ್ಟರು. “ಆ ಶಹಾಪುರದವರಿಗಿ ಹಚ್ಚು.” ಹಚ್ಚಿಕೊಟ್ಟೆ. ಆ ಕಡೆಯವರು ಮಾತು ಶುರು ಮಾಡುವ ಮೊದಲೇ, “ದೇಗು ನಾನೇ ಇಡ್ತೀನಿ,” ಅಂದು ಫೋನು ಇಟ್ಟರು. ರಾಜರನ್ನು ಬಾಚಿ ನನ್ನ ಕಡೆ ಸರಿಸಿದರು. ರಾಣಿಯರನ್ನು ಅಂಗಿಯ ಚುಂಗಿನಿಂದ ಒರೆಸಿ ಒಂದೊಂದಾಗಿ ಡಬ್ಬಿಯ ಮೂಲೆಗೆ ಹಾಕಿದರು.

ನನಗೆ ಅಷ್ಟಕ್ಕೇ ಎದ್ದು ಬರಲಾಗಲಿಲ್ಲ. ಎಂಟು ದಿನ ಒಳಗೆ ಕಟ್ಟಿಕೊಂಡದ್ದೆಲ್ಲ ಒಮ್ಮೆಗೇ ಬಂತು. ಇನ್ನು ನಾಣ್ಯದ ತಂಟೆಗೇ ಹೋಗುವುದಿಲ್ಲ ಅಂದೆ, ಆಲ್ಬಮ್ಮನ್ನು ಗುಜರಿ ಅಂಗಡಿಗೇ ಹಾಕುತ್ತೇನೆ ಅಂದೆ, ಆ ಮೂರೂ ಮದುವೆಯವರ ಮನೆಗೆ ಹೋಗಿ ತಪ್ಪು ನನ್ನದು ಅಂತ ಹೇಳಿ ಬರುತ್ತೇನೆ ಅಂದೆ. ಹೇಳುತ್ತಾ ಹೇಳುತ್ತಾ ಅವರ ಕಾಲು ಹಿಡಿದುಕೊಂಡೆ.

“ಚಾಚಾ, ಒಂದು ಸಲ ನನ್ನ ಮಾಫ್ ಮಾಡ್ರಿ.”

ಚಾಚಾ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಕಾಲು ಬಿಡಿಸಿಕೊಂಡರು.

“ಮಾಫಿ ಅಲ್ಲಾನ ಕಡಿ ಕೇಳ್ಕೊ. ನನಗ ಐತವಾರಕ್ಕ ಎಂಬತ್ತು ಕಿಲೋ ಉಳ್ಳಾಗಡ್ಡಿ ಹೆಚ್ಚವ ಬೇಕಾಗ್ಯಾನ. ಬರ್ತಿಯೋ, ಇಲ್ಲೋ?”